ಹೆಗಲಿನ ಮೇಲಿನಮನೆ, ಕೆಳಗಿನಮನೆ

ಅಡಿಕೆ ಕೊನೆಕೊಯ್ಲು ಮುಗಿಯೋ ಹೊತ್ತಿಗೆ ನಮ್ಮ ಸಾಗರ, ಹೊಸನಗರದ ಕಡೆ ಮನೆಗೊಂದು ಹೆಗಲುನೋವು ಇದ್ದೇ ಇರುತ್ತೆ, ಅಲ್ವಾ? ಫೈಬರ್ ದೋಟಿ ಬಂದು ಮರ ಹತ್ತೋದು ತಪ್ಪಿತು, ಒಳ್ಳೇದೇ ಆಯ್ತು. ಆದ್ರೆ ದಿನವಿಡೀ ಕತ್ತೆತ್ತಿ, ಕೈಯೆತ್ತಿ ನಿಂತರೆ ಹೆಗಲು ಕೇಳುತ್ತಾ? ಸ್ಕ್ಯಾನಿಂಗ್ ರಿಪೋರ್ಟಲ್ಲಿ ‘ಸುಪ್ರಾಸ್ಪೈನೇಟಸ್’ ಅಂತ ಮಾರುದ್ದದ ಹೆಸರು ಕಂಡರಂತೂ ಮನೆಮಂದಿಗೆಲ್ಲ ಎದೆ ಧಸಕ್ಕೆನ್ನುತ್ತೆ. ಹೆದರಬೇಡಿ ಮಾರಾಯ್ರೇ, ಅದೊಂದು ವಿಳಾಸ ಅಷ್ಟೇ.

ನಮ್ಮಲ್ಲಿ ಮನೆಗೆ ಹೆಸರಿಡೋದು ಹೇಗೆ? ಮೇಲಿನಮನೆ, ಕೆಳಗಿನಮನೆ, ನಡುಮನೆ, ಆಚೆಮನೆ. ಲ್ಯಾಟಿನ್ನಿನವರದ್ದೂ ಅದೇ ಕ್ರಮ. ಬೆನ್ನ ಹಿಂದೆ ಕೈಹಾಕಿ ಹೆಗಲ ಹಲಗೆ ಮುಟ್ಟಿ ನೋಡಿ, ಅಡ್ಡಕ್ಕೊಂದು ಮೂಳೆಯ ದಿಣ್ಣೆ ಸಿಗುತ್ತೆ. ಅದಕ್ಕೆ ಸ್ಪೈನ್ ಅಂತಾರೆ. ದಿಣ್ಣೆಯಿಂದ ಮೇಲಿರೋ ಸ್ನಾಯು ಸುಪ್ರಾಸ್ಪೈನೇಟಸ್, ಕೆಳಗಿರೋದು ಇನ್‌ಫ್ರಾಸ್ಪೈನೇಟಸ್. ಕೈಯನ್ನು ಪಕ್ಕಕ್ಕೆ ಎತ್ತೋಕೆ ಶುರು ಹಚ್ಚಿಕೊಡೋನು ಆ ಮೇಲಿನಮನೆಯವನೇ. ದೋಟಿ ಹಿಡಿದವರ ಮೇಲೆ ಅವನು ಮುನಿಸಿಕೊಳ್ಳೋದು ಸಹಜ, ಅಲ್ವಾ?

ಇನ್ನೊಬ್ಬ ಇದ್ದಾನೆ, ಸಬ್‌ಸ್ಕ್ಯಾಪ್ಯುಲಾರಿಸ್. ಸಬ್ ಅಂದ್ರೆ ಅಡಿ. ಆದ್ರೆ ಅವನು ಕೂತಿರೋದು ಹಲಗೆಗೂ ಪಕ್ಕೆಲುಬಿಗೂ ನಡುವೆ. ನಿಂತ ಮನುಷ್ಯನಲ್ಲಿ ಅದು ಹಲಗೆಯ ಮುಂದುಗಡೆ ಆಯ್ತಲ್ಲ! ಕವುಚಿ ಮಲಗಿಸಿ ಬೆನ್ನ ಕಡೆಯಿಂದ ನೋಡಿ, ಆಗ ‘ಅಡಿ’ ಅನ್ನೋದು ಸರಿಹೋಗುತ್ತೆ. ನನಗಂತೂ ಈ ವಿಚಿತ್ರ ಬಹಳ ಇಷ್ಟ.

ಅಡಿ ಅಂದ ಕೂಡಲೇ ಮಂಗನ ಕಾಯಿಲೆ ಇಂಜೆಕ್ಷನ್ ನೆನಪಾಯ್ತು ನೋಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಗುರುತಿಸಿದ ಕಾಯಿಲೆ, ಆಮೇಲೆ ಸಾಗರ, ಹೊಸನಗರ, ತೀರ್ಥಹಳ್ಳಿ ಯಾವುದನ್ನೂ ಬಿಡಲಿಲ್ಲ. ಉಣುಗು ಕಚ್ಚೀತು ಅಂತ ದರಕು ಗುಡಿಸೋಕೆ ಹೋಗೋದಕ್ಕೂ ಜನ ಹಿಂದೆಮುಂದೆ ನೋಡೋರು. ಆ ಲಸಿಕೆ ವರ್ಷಗಟ್ಟಲೆ ತೋಳಿಗೆ ಹಾಕಿದ್ದು ಸಬ್‌ಕ್ಯುಟೇನಿಯಸ್, ಅಂದ್ರೆ ಚರ್ಮದ ಅಡಿಗೆ. ಎಳೆಗೂಸಿನ ಎಡತೋಳಿಗೆ ಹಾಕೋ ಬಿಸಿಜಿ ಇಂಟ್ರಾಡರ್ಮಲ್, ಚರ್ಮದ ಒಳಗೇ. ಕೊರೊನಾದ್ದು ಇಂಟ್ರಾಮಸ್ಕ್ಯುಲರ್, ಮಾಂಸಖಂಡದ ಒಳಗೆ. ನಮ್ಮ ಮಲೆನಾಡಿನ ತೋಳು ಮೂರೂ ಆಳ ಕಂಡಿದೆ! ಚರ್ಮದಡಿಗೆ ಅನ್ನೋಕೆ ಹೈಪೋಡರ್ಮಿಕ್ ಅಂತ ಗ್ರೀಕ್ ಮೂಲದ ಹೆಸರೂ ಉಂಟು. ಎರಡು ಕಡೆಯವರೂ ಹೆಸರಿಟ್ಟರು, ಯಾರೂ ಬಿಟ್ಟುಕೊಡಲಿಲ್ಲ, ಎರಡೂ ಉಳ್ಕೊಂಡವು. 1895ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಅಂಗರಚನೆಯ ಪಂಡಿತರು ಸೇರಿ ಹೆಸರುಗಳ ರಾಶಿಯನ್ನೆಲ್ಲ ಜಾಲಿಸಿ ಒಂದು ಲ್ಯಾಟಿನ್ ಪಟ್ಟಿ ಮಾಡಿದ್ದರು. ಅದು ಬಹಳ ಉಪಕಾರದ ಕೆಲಸ ಅಂತ ನನ್ನ ಎಣಿಕೆ. ಇಲ್ಲದಿದ್ರೆ ಒಂದೊಂದು ಊರಲ್ಲಿ ಒಂದೊಂದು ಹೆಸರು ಹೇಳ್ಕೊಂಡು ಡಾಕ್ಟರು ಡಾಕ್ಟರಿಗೇ ಜಗಳ ಆಗ್ತಿತ್ತು.

ಇಂಟರ್, ಇಂಟ್ರಾ ಎರಡನ್ನು ಮಾತ್ರ ಒಂಚೂರು ನಿಧಾನಕ್ಕೆ ಓದಬೇಕು. ಇಂಟರ್ ಅಂದ್ರೆ ನಡುವೆ. ಪಕ್ಕೆಲುಬುಗಳ ನಡುವಿನ ಸ್ನಾಯು ಇಂಟರ್‌ಕಾಸ್ಟಲ್. ಇಂಟ್ರಾ ಅಂದ್ರೆ ಒಳಗೆ.

ಮತ್ತೆ ರಕ್ತ ತೆಗೆಯೋಕೆ ಸೂಜಿ ಚುಚ್ಚೋ ಮೊಣಕೈ ಮುಂದಿನ ಗುಳಿ ಇದೆಯಲ್ಲ, ಅದು ಆಂಟಿಕ್ಯುಬಿಟಲ್. ಇಲ್ಲಿ ಆಂಟಿ ಅಂದ್ರೆ ಲ್ಯಾಟಿನ್ನಿನ ‘ಮುಂದೆ’. ಆಂಟಿಬಯಾಟಿಕ್ಕಿನ ಆಂಟಿ ಗ್ರೀಕಿನದು, ‘ವಿರುದ್ಧ’ ಅಂತ. ಇಂಗ್ಲಿಷಲ್ಲಿ ಎರಡಕ್ಕೂ ಕಾಗುಣಿತ ಬೇರೆ, ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ಪಕ್ಕದ್ಮನೆ ಆಂಟಿಯನ್ನೂ ಸೇರಿಸಿದರೆ ಮೂರಾಯ್ತು, ಅಲ್ವಾ?