ಗ್ಲೂಕೋಸ್ ಬಾಟ್ಲಿಯವರ ಸನ್ನಿಧಾನಕ್ಕೆ

ನಗರಗೆರೆ ಹೋಬಳಿಯ ಸಮಸ್ತ ಸುಸ್ತಿನ ಹೆಂಗಸರ ಆರಾಧ್ಯದೈವವೂ, ಕಬ್ಬಿಣದ ಸ್ಟ್ಯಾಂಡಿನಲ್ಲಿ ತಲೆಕೆಳಗಾಗಿ ನೇತಾಡುತ್ತ ಅಭಯ ನೀಡುವವರೂ ಆದ ಗ್ಲೂಕೋಸ್ ಬಾಟ್ಲಿಯವರಲ್ಲಿ ವಿಜ್ಞಾಪನೆ.

ತಮ್ಮ ಮಹಿಮೆ ಅಪಾರ. ಕಳೆ ಕೀಳುವಾಗ ಕಣ್ಣು ಕತ್ತಲೆ ಬಂದರೂ ತಾವೇ, ಮೆಟ್ಟಿಲು ಹತ್ತಿದರೆ ಎದೆ ಡವಡವ ಅಂದರೂ ತಾವೇ, ಮುಟ್ಟು ಎಂಟು ದಿನಕ್ಕೂ ನಿಲ್ಲದಿದ್ದರೂ ತಾವೇ. "ಒಂದು ಬಾಟ್ಲು ಹಾಕ್ಬಿಡಿ ಸಾರ್" ಅಂದರೆ ಸಾಕು, ಗೌರಿಬಿದನೂರಾಗಲಿ ಗಡಿಯಾಚೆಯ ಹಿಂದೂಪುರವಾಗಲಿ, ಪ್ರತ್ಯಕ್ಷರಾಗುತ್ತೀರಿ. ಹಾಕಲೊಲ್ಲದ ಡಾಕ್ಟರಿಗೆ ನಮ್ಮ ಕಡೆ ಕೈಗುಣ ಇಲ್ಲ ಅಂತ ಹೆಸರು.

ಸಿಟ್ಟಾಗದಿದ್ದರೆ ಒಂದು ಲೆಕ್ಕ ಕೇಳುತ್ತೇನೆ. ಶೇ 5ರ ಅರ್ಧ ಲೀಟರ್ ಬಾಟ್ಲಿಯಲ್ಲಿ ತಾವು ಹೊತ್ತು ತರುವುದು 25 ಗ್ರಾಂ ಗ್ಲೂಕೋಸ್. ಐದಾರು ಚಮಚ ಸಕ್ಕರೆ ಅನ್ನಿ, ಮಿಕ್ಕಿದ್ದು ನೀರು. ವಾಂತಿಭೇದಿಯಾಗಿ ಬಾಯಿಗೆ ಹಾಕಿದ್ದು ನಿಲ್ಲದವರನ್ನು ತಮ್ಮ ಸೋದರ ಸಲೈನ್ ಉಳಿಸುತ್ತಾನೆ, ಅಲ್ಲ ಅನ್ನುವುದಿಲ್ಲ. ಆದರೆ ರಕ್ತ ಕಮ್ಮಿಯಾದವಳಿಗೆ ಬೇಕಾದ ಕಬ್ಬಿಣ ಇರುವುದು ತಮ್ಮ ಸ್ಟ್ಯಾಂಡಿನಲ್ಲಿ, ತಮ್ಮಲ್ಲಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರ ಪೈಕಿ ಶೇ 47.8 ಮಂದಿಗೆ ರಕ್ತಹೀನತೆ. ಹಿಮೋಗ್ಲೋಬಿನ್ ಕನಿಷ್ಠ 12 ಗ್ರಾಂ ಇರಬೇಕು, ಬಸುರಿಗೆ 11. ಬಾಟ್ಲಿ ಏರಿಸುವ ಮುಂಚೆ ಇದನ್ನು ನೋಡಿಸುವ ಪದ್ಧತಿ ತಮ್ಮ ಮಡಿಗೆ ಆಗಿಬರುವುದಿಲ್ಲವೇನೋ.

ಈ ರಕ್ತಹೀನತೆಯ ಮೂಲವನ್ನೂ ಕೇಳಿ. ನಮ್ಮ ಮನೆಗಳಲ್ಲಿ ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ರೇಷ್ಮೆ ಹುಳುವಿಗೆ ಹೊತ್ತುಹೊತ್ತಿಗೆ ಸೊಪ್ಪು ಬೀಳಬೇಕು. ನಾಲ್ಕು ಹುಳು ಮಂಕಾದರೆ ಯಜಮಾನರು ರೇಷ್ಮೆ ಇಲಾಖೆಯವರಿಗೆ ಫೋನು ಹಚ್ಚುತ್ತಾರೆ. ಸೊಪ್ಪು ಕೊಯ್ದು ಹಾಕಿದವಳು ಎಲ್ಲರದೂ ಮುಗಿದ ಮೇಲೆ ತಳದ ಸಾರಿಗೆ ಅರ್ಧ ಮುದ್ದೆ ಅದ್ದಿ ನುಂಗಿ, ಮೇಲೊಂದು ಲೋಟ ಟೀ ಕುಡಿಯುತ್ತಾಳೆ. ಊಟದಲ್ಲಿದ್ದ ಚೂರುಪಾರು ಕಬ್ಬಿಣವೂ ಆ ಟೀಯಿಂದಾಗಿ ಮೈಗೆ ಸರಿಯಾಗಿ ಹತ್ತುವುದಿಲ್ಲ. ಅವಳು ಮಂಕಾದರೆ ಮಾತ್ರ "ಹೆಂಗಸರಿಗೆ ಇದ್ದದ್ದೇ".

ಇನ್ನು ತಮ್ಮ ಪ್ರತಿಸ್ಪರ್ಧಿಯ ವಿಚಾರ. ಆಶಾ ಅಕ್ಕ ಕೊಟ್ಟುಹೋಗುವ ಕೆಂಪು ಮಾತ್ರೆ, ಒಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ. ಬಿಟ್ಟಿ ಸಿಗುವುದೇ ಅದರ ಮಹಾದೋಷ. ಬಸುರಿಗೆ ದಿನಕ್ಕೊಂದರಂತೆ 180, ಹೆತ್ತ ಮೇಲೆ ಮತ್ತೆ 180; ಎಷ್ಟೋ ಪಟ್ಟಿಗಳು ದೇವರ ಗೂಡಿನಲ್ಲಿ ಊದಿನಕಡ್ಡಿ ಪೊಟ್ಟಣದ ಹಿಂದೆ ನಿವೃತ್ತ ಜೀವನ ನಡೆಸುತ್ತಿವೆ. ತಿಂದರೆ ಮಗು ಕಪ್ಪಗೆ ಹುಟ್ಟುತ್ತೆ ಅನ್ನುವುದು ಅತ್ತೆಯಂದಿರ ಸಂಶೋಧನೆ. ಕಪ್ಪಗಾಗುವುದು ಮಲ ಮಾತ್ರ, ಅದರಿಂದ ಕೇಡೇನಿಲ್ಲ. ಹೊಟ್ಟೆ ತೊಳಸಿದರೆ ರಾತ್ರಿ ಉಂಡ ಮೇಲೆ ನಿಂಬೆ ಪಾನಕದ ಜೊತೆ ನುಂಗಿ ಮಲಗಬಹುದು; ಟೀ, ಹಾಲು, ಕ್ಯಾಲ್ಸಿಯಂ ಮಾತ್ರೆ ಅದರ ಹತ್ತಿರ ಸುಳಿಯಬಾರದು. ರಕ್ತ ಸರಿಹೋಗಲು ಎರಡು ತಿಂಗಳಾದರೂ ಬೇಕು, ಆಮೇಲೂ ಮೂರು ತಿಂಗಳು ಬಿಡುವಂತಿಲ್ಲ. ತಾವೋ ಗಂಟೆಯೊಳಗೆ ಮುಗಿಸಿ ಕಳಿಸುತ್ತೀರಿ, ಜನ ತಮ್ಮ ಕಡೆಗಿರುವುದು ಸುಮ್ಮನೆಯೇ? ಮುಟ್ಟು ಹೆಚ್ಚು ಹೋಗುವವಳು ಮಾತ್ರೆಯೊಂದನ್ನೇ ನಂಬಿಕೊಂಡರೂ ಸಾಲದು. ಸ್ಕ್ಯಾನ್ ಮಾಡಿಸಿ ಕಾರಣ ಹುಡುಕಬೇಕು. ನೋಡಿದ ಕೂಡಲೇ ಗರ್ಭಕೋಶ ತೆಗೆಸಿ ಅನ್ನುವವರಿಂದ ದೂರ ಇರಬೇಕು.

ಮಂಡಿನೋವಿನ ಖಾತೆಯನ್ನೂ ತಾವೇ ಇಟ್ಟುಕೊಂಡಿದ್ದೀರಂತೆ. ಆ ನೋವಿನ ಬೇರು ನೀರಿನಲ್ಲೂ ಇರಬಹುದು: ನಮ್ಮ ಗೌರಿಬಿದನೂರು ತಾಲ್ಲೂಕಿನ ಆಳದ ಬೋರುಗಳಲ್ಲಿ ಫ್ಲೋರೈಡ್ ಕಾಟ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿಗೆ, ಪ್ರಮಾಣ ಏರಿದಂತೆ ಮೂಳೆಗೂ ಪೆಟ್ಟು. ಕುದಿಸಿದರೆ ಹೋಗುವ ಪೈಕಿ ಅಲ್ಲ ಅದು. ಶುದ್ಧ ನೀರಿನ ಘಟಕದ ಕ್ಯಾನಿಗೆ ಚಿಲ್ಲರೆ ಕಾಸು ಹಾಕಲು ಎಣಿಸುವ ಯಜಮಾನರು ತಮಗೆ ಮಾತ್ರ ನೂರರ ನೋಟು ಬಿಚ್ಚುತ್ತಾರೆ.

ಕೊನೆಗೊಂದು ಗುಟ್ಟು. ರಕ್ತ ತೀರಾ ಇಳಿದವರಿಗೆ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು ಐರನ್ ಸುಕ್ರೋಸ್ ಬೆರೆಸಿದ ಕಂದು ಬಣ್ಣದ ಬಾಟ್ಲಿ ಏರಿಸುತ್ತಾರೆ. ಅದರ ಪಕ್ಕ ನಿಂತರೆ ತಾವು ತೀರಾ ಬಿಳಿಚಿಕೊಂಡಂತೆ ಕಾಣುತ್ತೀರಿ. ಒಮ್ಮೆ ಹಿಮೋಗ್ಲೋಬಿನ್ ನೋಡಿಸಿಕೊಳ್ಳಿ.

ಇಂತಿ,
ತಮ್ಮೊಡನೆ ಯಾವ ರಕ್ತಸಂಬಂಧವೂ ಇಲ್ಲದ
ನಗರಗೆರೆ ಹೋಬಳಿಯ ಹೆಣ್ಣುಮಗಳು