ಸರ್ವರ್ ಹಳದಿ ತಿರುಗಿತೇ?

ನಮ್ಮ ಕಡೆ ಈಗ ಮಳೆ-ಬೆಳೆಗಿಂತ ಮೊದಲು ಸರ್ವರ್ ವಿಚಾರಿಸುತ್ತಾರೆ. ಪಿರಿಯಾಪಟ್ಟಣದಲ್ಲಿ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಅನ್ನಿಸಿಕೊಂಡವರು ಕೆ.ಆರ್. ನಗರದಲ್ಲಾದರೂ ಇದ್ದೀತೆಂದು ಬಸ್ ಹತ್ತುತ್ತಾರೆ. ಎರಡೂ ಕಡೆ ಇರುವುದು ಕಿಟಕಿ ಮಾತ್ರ, ಸರ್ವರ್ ಎಲ್ಲೋ ದೂರದಲ್ಲಿದೆ ಎಂದರೆ ನಂಬುವವರಾರು? ಕೈಬರಹದ ಪಹಣಿಯ ಕಾಲದಲ್ಲಿ ಬರೆಯುವವರು ಊರಲ್ಲಿದ್ದಾರೋ ಇಲ್ಲವೋ ಅವರ ಮನೆ ಜಗಲಿಯೇ ಹೇಳುತ್ತಿತ್ತು. ಭೂಮಿ ಯೋಜನೆ ಬಂದು ಪಹಣಿ ಕಂಪ್ಯೂಟರ್ ಏರಿದ ಮೇಲೆ ಇಣುಕಲು ಜಗಲಿಯೇ ಇಲ್ಲ.

ಹುಣಸೂರಿನಲ್ಲಿ ಅರ್ಜಿ ತುಂಬಿಕೊಡುವ ಅಂಗಡಿ ಇಟ್ಟಿರುವ ಗೆಳೆಯನಿಗಾಗಿ ಹಳೇ ಕಂಪ್ಯೂಟರೊಂದಕ್ಕೆ ನಾಗಿಯೋಸ್ ಹಾಕಿಕೊಟ್ಟೆ. ಈಥನ್ ಗಾಲ್‌ಸ್ಟಾಡ್ 1999ರಲ್ಲಿ ಬೇರೆ ಹೆಸರಿನಿಂದ ಹೊರಬಿಟ್ಟ, ಸರ್ವರ್‌ಗಳ ಮೇಲೆ ಕಣ್ಣಿಡುವ ಉಚಿತ ತಂತ್ರಾಂಶ ಅದು. ಮೊದಲು ಇಟ್ಟದ್ದು ಪಿಂಗ್. 1983ರಲ್ಲಿ ಮೈಕ್ ಮೂಸ್ ಎಂಬಾತ ಬರೆದ ಪುಟ್ಟ ಪ್ರೋಗ್ರಾಮು. ‘ಇದ್ದೀಯಾ?’ ಎಂದರೆ ಸರ್ವರ್ ‘ಇದ್ದೀನಿ’ ಎನ್ನುತ್ತದೆ, ಅಷ್ಟೇ. ಪರದೆಯಲ್ಲಿ ಹಸಿರು, ಅಂಗಡಿ ಮುಂದೆ ಸಾಲು! ಸರಿ, ಪುಟವನ್ನೇ ಕೇಳಿ ನೋಡುವ ತಪಾಸಣೆ ಇಟ್ಟೆವು. 200 ಎಂಬ ಉತ್ತರ ಬಂದರೆ ಎಲ್ಲ ಸರಿ ಎಂದರ್ಥ. ಆದರೆ ಒಂದು ಜಾಣ ವೆಬ್‌ಸೈಟು (ಯಾರದೆಂದು ಹೇಳಲಾರೆ) ‘ದಯವಿಟ್ಟು ನಂತರ ಪ್ರಯತ್ನಿಸಿ’ ಎಂಬುದನ್ನೂ 200ರ ಮೊಹರು ಒತ್ತಿಯೇ ಕಳಿಸುತ್ತಿತ್ತು. ಕೊನೆಗೆ, ಬಂದ ಪುಟದಲ್ಲಿ ‘ಸರ್ವೆ ನಂಬರ್’ ಎಂಬ ಅಕ್ಷರಗಳಿವೆಯೇ ಎಂದು ಹುಡುಕಲು ಹೇಳಿದ ಮೇಲೆ ಪರದೆ ನಿಜ ನುಡಿಯಿತು.

‘ಇದ್ದೀನಿ’ ಎಂದರೆ ಸಾಲದು, ಒಳಗೆ ಇಣುಕಿಯೇ ನೋಡಬೇಕು ಎಂಬುದನ್ನು ಹೊಗೆಸೊಪ್ಪಿನವರಿಗೆ ಹೇಳಿಕೊಡಬೇಕಿಲ್ಲ. ಸೊಪ್ಪು ಹದಮಾಡುವ ಬ್ಯಾರನ್ನಿನ ಒಲೆ ಉರಿಯುತ್ತಿದೆಯೇ ಎಂದು ಕೇಳಿ ಯಾರೂ ಮಲಗುವುದಿಲ್ಲ. ಅಪರಾತ್ರಿಯಲ್ಲಿ ಎದ್ದು, ಕಿಂಡಿಯಿಂದ ಟಾರ್ಚ್ ಬಿಟ್ಟು, ಥರ್ಮಾಮೀಟರನ್ನೂ ಎಲೆಯ ಬಣ್ಣವನ್ನೂ ನೋಡುತ್ತಾರೆ. ಎಲೆ ಹಳದಿ ತಿರುಗುವವರೆಗೆ ಹದವಾದ ಶಾಖ. ಆಮೇಲೆ ಏರಿಸುತ್ತ ಹೋಗಿ, ನಡುದಂಟು ಒಣಗುವ ಹೊತ್ತಿಗೆ ಸುಮಾರು 70 ಡಿಗ್ರಿ.

ಮೊಬೈಲಿಗೆ ಎಚ್ಚರಿಕೆ ಬರುವಂತೆ ಮಾಡಿದ್ದು ಗೆಳೆಯನ ಹೆಂಡತಿಗೆ ಹಿಡಿಸಲಿಲ್ಲ. ಒಮ್ಮೆ ತಪ್ಪಿದರೆ ಸುಮ್ಮನಿರು, ಮತ್ತೆ ಕೇಳು, ಮೂರನೇ ಸಲವೂ ತಪ್ಪಿದರೆ ಮಾತ್ರ ಕೂಗು ಎಂದು ತಿದ್ದಿದ ಮೇಲೆ ಮನೆಯಲ್ಲಿ ಶಾಂತಿ. ಅಂಗಡಿಯ ಲೈನೇ ಹೋದರೆ ಜಗತ್ತೆಲ್ಲ ಕೆಂಪಾಗುತ್ತದೆ. ಅದಕ್ಕೆ ಮೊದಲು ನಮ್ಮದೇ ರೂಟರಿನ ಯೋಗಕ್ಷೇಮ.

ಈಗ ಪರದೆ ಗಿರಾಕಿಗಳ ಕಡೆ ತಿರುಗಿದೆ. ಹಸಿರು, ಹಳದಿ, ಕೆಂಪು ಎಲ್ಲರಿಗೂ ಬಾಯಿಪಾಠ. ಪುಟ ತಡವಾಗಿ ತೆರೆದರೆ ಹಳದಿ, ಎಂದರೆ ಎಚ್ಚರಿಕೆ. ಮೊನ್ನೆ ಎಚ್.ಡಿ. ಕೋಟೆಯ ಹೊಗೆಸೊಪ್ಪಿನ ರೈತರೊಬ್ಬರು ಫೋನಿನಲ್ಲಿ ವಿಚಾರಿಸಿದರು. ‘ಹಳದಿ’ ಎಂದ ಗೆಳೆಯ. ಅವರಿಗೆ ಖುಷಿಯೋ ಖುಷಿ: ‘ಹಳದಿ ಬಂತಾ? ಹಂಗಾದ್ರೆ ಒಳ್ಳೇ ರೇಟು! ಈಗಲೇ ಬಸ್ ಹತ್ತುತೀನಿ.’