ರೋಡಿಯಂ ತಂತಿ: ಬಳಕೆದಾರರ ಕೈಪಿಡಿ

ಪೆಟ್ಟಿಗೆ ತೆರೆದಾಗ: ಅರ್ಧ ಮಿಲಿಮೀಟರ್ ಆಸುಪಾಸು ದಪ್ಪದ ರೋಡಿಯಂ ತಂತಿ, ಸುತ್ತ ಅಲ್ಯುಮಿನಾ, ಮೇಲೆ ಇಂಕೊನೆಲ್ ಕವಚ. ಬ್ಯಾಟರಿ ಕಾಣಲಿಲ್ಲವೆಂದು ಅಂಗಡಿಯವನ ಮೇಲೆ ರೇಗಬೇಡಿ, ಇದಕ್ಕೆ ಬೇಕಿಲ್ಲ.

ಬಳಸುವ ಕ್ರಮ: ಪರಮಾಣು ರಿಯಾಕ್ಟರಿನ ಒಡಲಿಗೆ ಇಳಿಬಿಡಿ. ರೋಡಿಯಂ-103 ಒಂದು ನ್ಯೂಟ್ರಾನ್ ನುಂಗಿ ರೋಡಿಯಂ-104 ಆಗುತ್ತದೆ. ಅದರ ಅರ್ಧಾಯುಷ್ಯ ಸುಮಾರು 42 ಸೆಕೆಂಡು. ಆಮೇಲೆ ಎಲೆಕ್ಟ್ರಾನ್ ಉಗುಳಿ ಪಲ್ಲಾಡಿಯಂ ಆಗಿಬಿಡುತ್ತದೆ. ತಂತಿಯಿಂದ ಪಾರಾದ ಎಲೆಕ್ಟ್ರಾನುಗಳೇ ನಿಮ್ಮ ಕರೆಂಟು; ಅದನ್ನು ಅಳೆದರೆ ಅಲ್ಲಿ ನ್ಯೂಟ್ರಾನ್ ಹರಿವು ಎಷ್ಟೆಂದು ತಿಳಿಯುತ್ತದೆ. ಮೀಟರು ತಡವಾಗಿ ಏರಿದರೆ ಹಳೇ ರೇಡಿಯೊಗೆ ಬಡಿದಂತೆ ಬಡಿಯಬೇಡಿ. ಅವಸರದವರಿಗೆ ಕೋಬಾಲ್ಟ್ ಮಾದರಿಯಿದೆ. ಆದರೆ ಅದರೊಳಗೆ ಕೋಬಾಲ್ಟ್-60 ಕೂಡುತ್ತಾ ಹೋಗಿ, ಕೇಳದಿದ್ದರೂ ಗೊಣಗುತ್ತಿರುತ್ತದೆ.

ಸವೆತ (ದಯವಿಟ್ಟು ಪೂರ್ತಿ ಓದಿ): ಗಂಧದ ಕೊರಡು ತೇಯದೆ ಗಂಧವಿಲ್ಲ, ಇದೂ ಹಾಗೇ. ಪಲ್ಲಾಡಿಯಂ ಆದ ಪರಮಾಣು ಮತ್ತೆ ಸಾಕ್ಷಿ ಹೇಳಲು ಬರುವುದಿಲ್ಲ. ಚದರ ಸೆಂಟಿಮೀಟರಿಗೆ ಸೆಕೆಂಡಿಗೆ ಹತ್ತು ಲಕ್ಷ ಕೋಟಿ ನಿಧಾನಗತಿಯ ನ್ಯೂಟ್ರಾನುಗಳು ಹಾಯುವ ಕಡೆ ತಿಂಗಳಿಗೆ ಸುಮಾರು ಶೇ. 0.4ರಷ್ಟು ರೋಡಿಯಂ ಖರ್ಚು. ಹರಿವು ಮೂರು ಪಟ್ಟಾದರೆ ಖರ್ಚೂ ಮೂರು ಪಟ್ಟು. ಅದೂ ಸಮನಾಗಿ ಅಲ್ಲ: ಹೊರ ಪದರ ಮೊದಲು ಸವೆಯುತ್ತದೆ, ನಡುವಿನ ರೋಡಿಯಂ ಅದರ ನೆರಳಲ್ಲಿ ಸುಖವಾಗಿರುತ್ತದೆ. ಒಟ್ಟು ಕುಟುಂಬದಲ್ಲಿ ಇದು ಹೊಸದೇನಲ್ಲ.

ದೂರು ಕೊಡುವ ಮುನ್ನ: ಮೀಟರು ಇಳಿದಿದೆಯೇ? ರಿಯಾಕ್ಟರು ಸೋಮಾರಿಯಾಯಿತೆಂದು ಶಕ್ತಿ ಏರಿಸಲು ಹೋಗಬೇಡಿ. ಸೋತಿರುವುದು ಅಳೆಯುವವನಿರಬಹುದು. ಇದುವರೆಗೆ ಬಂದ ಕರೆಂಟನ್ನೆಲ್ಲ ಕೂಡಿಸಿ. ಎಷ್ಟು ವಿದ್ಯುದಂಶ ಹರಿಯಿತೋ ಅದರಿಂದಲೇ ಎಷ್ಟು ರೋಡಿಯಂ ಹೋಯಿತೆಂದು ತಿಳಿಯುತ್ತದೆ. ಉಳಿದಿದ್ದಕ್ಕೆ ತಕ್ಕಂತೆ ಮೀಟರಿನ ಅಳತೆಯನ್ನು ಹಿಗ್ಗಿಸಿ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಬರೆದವರಿಗೆ ಇದು ಕಷ್ಟವೇ ಅಲ್ಲ. ಕೂಡಂಕುಳಂನಲ್ಲಿರುವ ವಿವಿಇಆರ್ ಜಾತಿಯ ರಿಯಾಕ್ಟರುಗಳಲ್ಲಿ ಈ ಲೆಕ್ಕ ಕಂಪ್ಯೂಟರಿನ ಪಾಲಿಗೆ ಬಂದಿದೆ. ನಡುವೆ ಒಂದು ವಾರದ ಲೆಕ್ಕ ತಪ್ಪಿತೋ, ಮುಂದಿನದೆಲ್ಲ ಅಂದಾಜು.

ಬದಲಿ ಮಾದರಿ: ವನೇಡಿಯಂ. ನ್ಯೂಟ್ರಾನಿನ ಹಸಿವು ರೋಡಿಯಂನ ಮೂವತ್ತನೇ ಒಂದು ಪಾಲು, ಆದ್ದರಿಂದ ಸವೆತವೂ ಅಷ್ಟೇ ಕಡಿಮೆ. ಕರೆಂಟೂ ಸಣ್ಣದು, ಉತ್ತರವೂ ನಿಧಾನ: ಅರ್ಧಾಯುಷ್ಯ ಸುಮಾರು 3.7 ನಿಮಿಷ. ತಾರಾಪುರದ 540 ಮೆಗಾವ್ಯಾಟ್ ಘಟಕಗಳು ವನೇಡಿಯಂ, ಕೋಬಾಲ್ಟ್ ಎರಡನ್ನೂ ಇಟ್ಟುಕೊಂಡಿವೆ.

ವಾರಂಟಿ: ಕೆಲಸ ಮಾಡದ ತಂತಿಗೆ ಮಾತ್ರ.

ವಿಲೇವಾರಿ: ಹೊರತೆಗೆದ ತಂತಿ ವಿಕಿರಣ ಸೂಸುತ್ತಿರುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ. ಗುಜರಿಯವನು ತೂಕಕ್ಕೆ ಎಷ್ಟೇ ಕೊಟ್ಟರೂ ಒಪ್ಪಬೇಡಿ.